ಚರ್ಮಕ್ಕೆ ಚರ್ಮ ಒಗ್ಗದಿದ್ದರೆ

"ಮಗನಿಗೆ ಹುಳುಕಡ್ಡಿ ಆಗಿದೆ ಡಾಕ್ಟ್ರೇ, ಆರು ತಿಂಗಳಾದರೂ ವಾಸಿಯಾಗಿಲ್ಲ" ಎಂದರು ಆ ತಾಯಿ. ಹುಡುಗನ ಎರಡೂ ಮುಂಗೈ ಕೆಂಪಾಗಿ, ಒರಟಾಗಿ, ಅಲ್ಲಲ್ಲಿ ಸೀಳಿತ್ತು. ಅಂಗಡಿಯಲ್ಲಿ ಕೇಳಿ ತಂದ ಮುಲಾಮು ಹಚ್ಚಿದರೆ ತಗ್ಗುತ್ತಿತ್ತು, ಬಿಟ್ಟರೆ ಮರಳುತ್ತಿತ್ತು. ಅವನ ಹೆಲ್ಮೆಟ್ಟಿನೊಳಗೆ ತುರುಕಿದ್ದ ಮೆತ್ತನೆಯ ಚರ್ಮದ ಕೈಗವಸು ಕಂಡಾಗ ನನಗೆ ಅನುಮಾನ ಬಂತು.

ಇಂಥ ಕೈಗವಸು, ಜಾಕೆಟ್, ಪರ್ಸುಗಳಿಗೆ ಹೆಚ್ಚಾಗಿ ಕುರಿ, ಮೇಕೆಯ ತೊಗಲನ್ನು ಬಳಸುತ್ತಾರೆ. ಹಸಿ ತೊಗಲು ಕೊಳೆಯದಂತೆ ಹದ ಮಾಡಲು ಹಿಂದೆ ನಮ್ಮಲ್ಲಿ ತಂಗಡಿ ತೊಗಟೆ, ಅಳಲೆಕಾಯಿ ಬಳಕೆಯಲ್ಲಿದ್ದವು. ಈಗ ಬಹುಪಾಲು ಕ್ರೋಮಿಯಂ ಲವಣ; ಕೆಲಸ ಬೇಗ, ಚರ್ಮವೂ ಮೃದು. ಈ ಲವಣ ಅಷ್ಟೇನೂ ತಂಟೆಯದಲ್ಲ. ಆದರೆ ಅದರ ಅಲ್ಪಾಂಶ 'ಕ್ರೋಮಿಯಂ ಆರು' ಎಂಬ ರೂಪಕ್ಕೆ ತಿರುಗಿ, ಬೆವರಿನಲ್ಲಿ ಕರಗಿ ನಮ್ಮ ಚರ್ಮದೊಳಗೆ ಇಳಿಯಬಹುದು. ಮೈಗೆ ತಾಗುವ ಚರ್ಮದ ವಸ್ತುಗಳಲ್ಲಿ ಇದು ಕಿಲೋಗೆ 3 ಮಿಲಿಗ್ರಾಂ ಮುಟ್ಟಬಾರದೆಂದು ಯುರೋಪ್ ಒಕ್ಕೂಟ 2015ರಿಂದ ನಿಯಮ ಮಾಡಿದೆ.

"ಎರಡು ವರ್ಷದಿಂದ ಹಾಕುತ್ತಿದ್ದೇನಲ್ಲ, ಈಗೇಕೆ?" ಎಂದ ಹುಡುಗ. ಒಳ್ಳೆಯ ಪ್ರಶ್ನೆ. ಅಲರ್ಜಿ ಹುಟ್ಟಿನಿಂದ ಬಂದದ್ದಲ್ಲ, ದೇಹ ಕಲಿತದ್ದು. ಕಲಿಯಲು ವರ್ಷಗಳೇ ಹಿಡಿಯಬಹುದು; ಕಲಿತ ಮೇಲೆ ಸಾಮಾನ್ಯವಾಗಿ ಮರೆಯುವುದಿಲ್ಲ. ಮೇಲಾಗಿ ತುರಿಕೆ ಏಳುವುದು ವಸ್ತು ತಾಗಿದ ಒಂದೆರಡು ದಿನಗಳ ನಂತರ. ಹಾಗಾಗಿ ನಾವು ನಿನ್ನೆ ತಿಂದ ಬದನೆಕಾಯಿಯನ್ನು ದೂರುತ್ತೇವೆ!

ತುರಿಕೆ ಎಲ್ಲಿದೆ ಎಂದು ನೋಡಿಕೊಳ್ಳಿ. ವಾಚಿನ ಪಟ್ಟಿಯುದ್ದಕ್ಕೂ ಇದ್ದರೆ ಚರ್ಮದ ಮೇಲೆ ಸಂಶಯ. ಬಕಲಿನಡಿ ಮಾತ್ರ ಇದ್ದರೆ ನಿಕ್ಕಲ್ ಲೋಹದ ಮೇಲೆ. ಪಾದದ ಮೇಲ್ಭಾಗದಲ್ಲಿದ್ದರೆ ಚಪ್ಪಲಿ, ಬೂಟು. ಬೆರಳ ಸಂದಿನಲ್ಲಿದ್ದರೆ ಬಹುತೇಕ ಶಿಲೀಂಧ್ರ. ಖಚಿತಪಡಿಸಲು ಚರ್ಮತಜ್ಞರು ಬೆನ್ನಿಗೆ ಶಂಕಿತ ವಸ್ತು ಸವರಿದ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ. ಒಂದೆರಡು ದಿನ ಕಳೆದು ಮತ್ತೊಮ್ಮೆ ನೋಡುತ್ತಾರೆ. ನೋವಿಲ್ಲ, ಆ ದಿನಗಳಲ್ಲಿ ಬೆನ್ನು ನೆನೆಸಬಾರದು ಅಷ್ಟೆ.

ಹುಡುಗನಿಗೆ ಕ್ರೋಮಿಯಂ ಅಲರ್ಜಿಯೇ ಎಂದಾಯಿತು. ಅಂಗಡಿಯ ಆ ಮುಲಾಮಿನಲ್ಲಿ ಸ್ಟಿರಾಯ್ಡ್ ಬೆರೆತಿತ್ತು. ತಾತ್ಕಾಲಿಕವಾಗಿ ತಗ್ಗಿದ್ದು ಅದರಿಂದಲೇ, ಮುಂಗೈ ಚರ್ಮ ತೆಳುವಾದದ್ದೂ ಅದರಿಂದಲೇ. ಸ್ಟಿರಾಯ್ಡ್ ಕೆಟ್ಟದ್ದಲ್ಲ, ಎಷ್ಟು ದಿನ, ಯಾವ ಬಲದ್ದು ಎಂಬುದನ್ನು ವೈದ್ಯರು ಹೇಳಬೇಕು.

ಕೈಗವಸೇ ಬೇಡವೆಂದು ಬರಿಗೈಯಲ್ಲಿ ಬೈಕ್ ಓಡಿಸಬೇಡಿ. ಗಟ್ಟಿ ಬಟ್ಟೆಯ ಕೈಗವಸು ಸಿಗುತ್ತದೆ. ಅಂಗೈಗೆ ಚರ್ಮದ ತೇಪೆ ಹಾಕಿಲ್ಲವೆಂದು ನೋಡಿ ಕೊಳ್ಳಿ. ಹಸಿ ಸಿಮೆಂಟಿನಲ್ಲೂ ಇದೇ ಕ್ರೋಮಿಯಂ ಇರುತ್ತದೆ. ಈ ಅಲರ್ಜಿ ಇರುವವರು ಮನೆ ಕಟ್ಟಿಸುವಾಗ ಗಾರೆಗೆ ಕೈ ಹಾಕದಿರಲಿ. ವೈದ್ಯರಲ್ಲಿಗೆ ಹೋಗುವಾಗ ಅನುಮಾನದ ಕೈಗವಸು, ವಾಚು, ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ.