‘ದ್ಯಾನ್ ಐ’ ಸರಿಯೋ, ‘ದ್ಯಾನ್ ಮಿ’ ಸರಿಯೋ?

ಪ್ರಶ್ನೆ: ‘ಷಿ ಈಸ್ ಟಾಲರ್ ದ್ಯಾನ್ ಐ’ ಎಂದು ಶಾಲೆಯಲ್ಲಿ ಕಲಿತೆ. ಇಂಗ್ಲಿಷ್ ಸಿನಿಮಾಗಳಲ್ಲಿ ಮಾತ್ರ ‘ದ್ಯಾನ್ ಮಿ’ ಎಂದೇ ಕೇಳಿಸುತ್ತದೆ. ಯಾವುದು ಸರಿ?

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಇಂಗ್ಲಿಷ್ ವ್ಯಾಕರಣಕಾರರೇ ಇದರ ಬಗ್ಗೆ ಬಹುಕಾಲದಿಂದ ವಾದಿಸುತ್ತಿರುವಾಗ ನಿಮಗೆ ಗೊಂದಲವಾದದ್ದು ಸಹಜ.

ಮೊದಲು ಶಾಲೆಯ ನಿಯಮ. ‘ದ್ಯಾನ್’ ಎರಡು ವಾಕ್ಯಗಳನ್ನು ಜೋಡಿಸುವ ಕಂಜಂಕ್ಷನ್. ಅದರ ಮುಂದೆ ಒಂದು ಕ್ರಿಯಾಪದ ಅಡಗಿದೆ. ಅದನ್ನು ಹೊರಗೆಳೆದರೆ ‘ದ್ಯಾನ್ ಐ ಆ್ಯಮ್’ ಆಗುತ್ತದೆ. ಆದ್ದರಿಂದ ‘ಐ’. ರಾಬರ್ಟ್ ಲೌತ್ 1762ರಲ್ಲಿ ಪ್ರಕಟಿಸಿದ ವ್ಯಾಕರಣ ಹೇಳಿದ್ದು ಇದನ್ನೇ.

ಇನ್ನು ಬಳಕೆ. ‘ವಿತ್ ಮಿ’, ‘ಫಾರ್ ಮಿ’ ಎನ್ನುವಂತೆಯೇ ‘ದ್ಯಾನ್’ ಅನ್ನೂ ಪ್ರಿಪೊಸಿಷನ್ ಎಂದು ಭಾವಿಸಿ ಜನ ‘ದ್ಯಾನ್ ಮಿ’ ಎನ್ನುತ್ತಾರೆ. ಇದು ಇತ್ತೀಚಿನ ಸಡಿಲಿಕೆಯಲ್ಲ. ಲೌತ್‌ಗಿಂತ ಮೊದಲೇ ಷೇಕ್ಸ್‌ಪಿಯರ್ ಹೀಗೆ ಬಳಸಿದ್ದಾನೆ. ಇಂದಿನ ಆಡುಮಾತಿನಲ್ಲಿ ಇದೇ ಸಾಮಾನ್ಯ. ಬರಿಯ ‘ದ್ಯಾನ್ ಐ’ ಬಿಗುವಾಗಿ ಕೇಳಿಸುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆಯಿದೆ: ‘ಐ’ ಎಂದರೆ ಯಾವಾಗಲೂ ಶುದ್ಧ ಎಂಬುದು. ಹಾಗಲ್ಲ. ಈ ಎರಡು ವಾಕ್ಯಗಳನ್ನು ನೋಡಿ:

‘ಷಿ ಲೈಕ್ಸ್ ಹಿಮ್ ಮೋರ್ ದ್ಯಾನ್ ಐ’ ಎಂದರೆ, ಅವನನ್ನು ನಾನು ಮೆಚ್ಚುವುದಕ್ಕಿಂತ ಅವಳು ಹೆಚ್ಚು ಮೆಚ್ಚುತ್ತಾಳೆ.

‘ಷಿ ಲೈಕ್ಸ್ ಹಿಮ್ ಮೋರ್ ದ್ಯಾನ್ ಮಿ’ ಎಂದರೆ, ಅವಳು ನನ್ನನ್ನು ಮೆಚ್ಚುವುದಕ್ಕಿಂತ ಅವನನ್ನು ಹೆಚ್ಚು ಮೆಚ್ಚುತ್ತಾಳೆ. ಇಲ್ಲಿ ಲೌತ್‌ನ ನಿಯಮದ ಪ್ರಕಾರವೂ ‘ಮಿ’ಯೇ ಸರಿ, ಅಡಗಿರುವುದು ‘ದ್ಯಾನ್ ಷಿ ಲೈಕ್ಸ್ ಮಿ’.

ಕನ್ನಡದ ‘ನನಗಿಂತ’ ಎರಡು ಕಡೆಗೂ ಒದಗುವುದರಿಂದ ಈ ವ್ಯತ್ಯಾಸ ನಮಗೆ ಬೇಗ ಹೊಳೆಯುವುದಿಲ್ಲ. ಇಂಗ್ಲಿಷಿನವರೂ ಮಾತಿನ ಭರದಲ್ಲಿ ಎರಡೂ ಅರ್ಥಕ್ಕೆ ‘ದ್ಯಾನ್ ಮಿ’ ಎಂದುಬಿಡುವುದುಂಟು. ಆಗ ಸಂದರ್ಭ ನೋಡಿಯೇ ಅರ್ಥ ಮಾಡಿಕೊಳ್ಳಬೇಕು.

ನೀವು ಹೀಗೆ ಮಾಡಿ. ಗೆಳೆಯರೊಡನೆ ‘ಟಾಲರ್ ದ್ಯಾನ್ ಮಿ’ ಎನ್ನಲು ಅಳುಕಬೇಡಿ. ಪರೀಕ್ಷೆಯಲ್ಲೋ ಅರ್ಜಿಯಲ್ಲೋ ಬರೆಯುವಾಗ ಕ್ರಿಯಾಪದವನ್ನೂ ಸೇರಿಸಿ: ‘ದ್ಯಾನ್ ಐ ಆ್ಯಮ್’, ‘ದ್ಯಾನ್ ಐ ಡು’. ಆಗ ಬಿಗುವೂ ಇಲ್ಲ, ಎರಡರ್ಥವೂ ಇಲ್ಲ. ‘ಆ್ಯಸ್ ಟಾಲ್ ಆ್ಯಸ್’ ಬಗೆಯ ಹೋಲಿಕೆಗೂ ಇದೇ ಲೆಕ್ಕ.