'ಬೇಡ' ಅಂದರೆ ಸಾಲದು, ಲೆಕ್ಕ ಕೊಡಬೇಕು

ನಮ್ಮದು ಕಡೂರು ಸೀಮೆ, ಮಳೆ ನಂಬಿದ ರಾಗಿ ಹೊಲ. ಮಗಳನ್ನು ಕೊಟ್ಟದ್ದು ಕೊಪ್ಪದ ಕಡೆಗೆ. ಹೋದಾಗಲೆಲ್ಲ ಅಲ್ಲಿ ಜಗಲಿಯಲ್ಲಿ ಒಂದೇ ಮಾತು: "ಕಸ್ತೂರಿರಂಗನ್ ವರದಿ ಬಂದರೆ ತೋಟ ಬಿಟ್ಟು ಏಳಬೇಕಾ?"

ವರದಿ ಬಂದದ್ದು 2013ರಲ್ಲಿ. ಅದರ ಮೇಲೆ ಕೇಂದ್ರ ಸರ್ಕಾರ 2014ರಿಂದ 2024ರೊಳಗೆ ಆರು ಸಲ ಕರಡು ಹೊರಡಿಸಿತು. ನಮ್ಮ ರಾಜ್ಯದ 1,576 ಹಳ್ಳಿ, 20,668 ಚದರ ಕಿ.ಮೀ. ಅದರಲ್ಲಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳ್ಳಿಗಳೂ ಇವೆ.

ಕರಡು ಅಂದರೆ ಕಾನೂನಲ್ಲ. "ನಿಮ್ಮ ಮಾತೇನು?" ಅಂತ ಸರ್ಕಾರ ಕೇಳೋದು. ಉತ್ತರಕ್ಕೆ 60 ದಿನ. ಯಾರು ಬೇಕಾದರೂ ಬರೆಯಬಹುದು.

ಮೊದಲು ಓದಿ ನೋಡಬೇಕು. ಕರಡು ತಡೆಯೋದು ಗಣಿ, ಕಲ್ಲುಕೋರೆ, ಮರಳು, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಕಾರ್ಖಾನೆ, 20,000 ಚದರ ಮೀಟರ್ ಮತ್ತು ಮೇಲ್ಪಟ್ಟ ಕಟ್ಟಡ. ರೈತ ಜಾಗ ಬಿಡಬೇಕು ಅಂತ ಅದರಲ್ಲಿಲ್ಲ.

ಹಾಗಂತ ಜನರ ದೂರು ಸುಳ್ಳಲ್ಲ. ಗುರುತು ಮಾಡಿದ್ದು ಉಪಗ್ರಹದ ಚಿತ್ರ ನೋಡಿ. ಹಳ್ಳಿಯ ಶೇ. 20 ಭಾಗ ಸೂಕ್ಷ್ಮ ಅಂತ ಕಂಡರೆ ಇಡೀ ಹಳ್ಳಿಯೇ ಪಟ್ಟಿಗೆ. ಮನೆ, ಗದ್ದೆ, ತೋಟ ಎಲ್ಲ ಒಟ್ಟಿಗೆ.

ಕೇರಳದವರು ಏನು ಮಾಡಿದರು? ಪಂಚಾಯ್ತಿ ಮಟ್ಟದಲ್ಲಿ ಜಾಗ ನೋಡಿ, ಜನವಸತಿ, ತೋಟ ಬೇರೆ ಮಾಡಿ ವರದಿ ಕೊಟ್ಟರು. 13,108 ಇದ್ದದ್ದು 2014ರ ಕರಡಿನಲ್ಲೇ 9,993.7 ಚದರ ಕಿ.ಮೀ.ಗೆ ಇಳಿಯಿತು. ನಮ್ಮ ರಾಜ್ಯ "ಬೇಡ" ಅಂದಿತು. 2024ರ ಸೆಪ್ಟೆಂಬರ್‌ನಲ್ಲೂ ಸಂಪುಟ ಅದನ್ನೇ ಹೇಳಿತು. ಆದರೆ ಕರಡಿನಲ್ಲಿ ಮಾತ್ರ ಸಲಸಲಕ್ಕೂ ಅದೇ 20,668.

ನನಗೂ ಒಮ್ಮೆ ಹೀಗೇ ಆಯ್ತು. ಕೆರೆ ಒತ್ತುವರಿ ಅಂತ ಇಪ್ಪತ್ತು ಜನ ಕಚೇರಿಗೆ ಹೋಗಿ ಕೂಗಾಡಿದೆವು. ಸಾಹೇಬರು ಕೇಳಿದ್ದು ಒಂದೇ, "ಸರ್ವೆ ನಂಬರು ಎಷ್ಟು?" ಒಬ್ಬನ ಹತ್ತಿರವೂ ಇರಲಿಲ್ಲ. ತಲೆ ತಗ್ಗಿಸಿ ಬಂದೆವು.

ಅದಕ್ಕೇ ಮಲೆನಾಡಿನ ಬಂಧುಗಳಿಗೆ ನಾಲ್ಕು ಮಾತು:

1. ಪಟ್ಟಿಯಲ್ಲಿ ನಿಮ್ಮ ಹಳ್ಳಿ ಇದೆಯೋ ನೋಡಿ.
2. ಗ್ರಾಮಸಭೆಯಲ್ಲಿ ಸರ್ವೆ ನಂಬರುವಾರು ಮನೆ, ಗದ್ದೆ, ತೋಟ, ಕಾಡು ಬರೆಯಿರಿ. ಪಹಣಿ ಜೋಡಿಸಿ. ಕಾಡನ್ನು ಕಾಡು ಅಂತಲೇ ಬರೆಯಿರಿ. ಸುಳ್ಳು ಒಂದಿದ್ದರೆ ನಿಜವನ್ನೂ ನಂಬುವವರಿಲ್ಲ.
3. ನಿರ್ಣಯ ನಡಾವಳಿ ಪುಸ್ತಕದಲ್ಲಿ ಬರಲಿ, ನಕಲು ಇಟ್ಟುಕೊಳ್ಳಿ.
4. ಕರಡು ಬಂದರೆ ಗಡುವಿನೊಳಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಶೀದಿ ಜೋಪಾನ.

ಕರಡು ಬಂದ ಮೇಲೆ ಓಡಾಡಿದರೆ 60 ದಿನ ಸಾಲದು. ಲೆಕ್ಕ ಈಗಲೇ ಸಿದ್ಧವಿರಲಿ. ಆ ಗುಡ್ಡಗಳಲ್ಲಿ ಹುಟ್ಟುವ ತುಂಗೆ, ಭದ್ರೆ ಬಯಲಿನವರಿಗೂ ಬೇಕು. ಕಾಡೂ ಉಳಿಯಲಿ, ಒಕ್ಕಲೂ ಉಳಿಯಲಿ.