ಅಡಕೆ ದಬ್ಬೆಯ ಕೈಪಿಡಿ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪರರ ಮನೆಗಳನ್ನು ಕಾಗದದ ಮೇಲೆ ಕಟ್ಟಿಕೊಟ್ಟು ನಿವೃತ್ತನಾದ ನಕ್ಷೆಗಾರನಾದ ನನ್ನನ್ನು, ಮಂಗಳೂರು ಸೀಮೆಯ ನಮ್ಮ ಹಳೆಯ ಬಾಸೆಲ್ ಮಿಶನ್ ಪರಂಪರೆಯ ಸಭೆಯ ಹಿರಿಯರು ಒಂದು ಸಂಜೆ ಕರೆಯಿಸಿ, ಭಾನುವಾರದ ಆರಾಧನೆಗೆ ಬರುವವರು ವರ್ಷೇ ವರ್ಷೇ ಕಡಮೆಯಾಗುತ್ತಿರುವುದರಿಂದ ಸಭೆಯ ನವೀಕರಣಕ್ಕೊಂದು ಯೋಜನೆ ಬೇಕೆಂದು ಕೇಳಿಕೊಂಡಾಗ, ನಾನು ಮಾಡಿದ ಮೊದಲ ಕೆಲಸವೆಂದರೆ ಮನೆಗೆ ಹೋಗಿ ಪೆನ್ಸಿಲು ಚೂಪು ಮಾಡಿದ್ದು. ಸಭಾಪಾಲಕರಾದ ಅಯ್ಯನವರನ್ನು ಶಿರೋಭಾಗದಲ್ಲಿರಿಸಿ, ಆರು ಉಪಸಮಿತಿಗಳನ್ನು ಬಿಳಲುಗಳಂತೆ ಇಳಿಬಿಟ್ಟು, ಮೂರು ಬಣ್ಣದ ಮಸಿಯಲ್ಲಿ ನಾನು ರಚಿಸಿದ ಚಿತ್ರವು ಎಲ್ಲರಿಗೂ ಎಷ್ಟು ಮೆಚ್ಚುಗೆಯಾಯಿತೆಂದರೆ ಅದಕ್ಕೆ ಚೌಕಟ್ಟು ಹಾಕಿಸಿ ಆಲಯದ ವೆಸ್ಟ್ರಿ ಕೋಣೆಯಲ್ಲಿ ತೂಗುಹಾಕಿದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗಾಜಿನೊಳಗೆ ಬೂಷ್ಟು ಹಿಡಿಯಿತು; ಆರರಲ್ಲಿ ಎರಡು ಸಮಿತಿಗಳು ಒಮ್ಮೆಯೂ ಕೂಡಲಿಲ್ಲ.

ಆ ವರ್ಷದ ಕೊನೆಗೆ ಕಾಲು ಉಳುಕಿ, ತಡವಾಗಿ ಬಂದು, ಕಟ್ಟಕಡೆಯ ಬೆಂಚಿನಲ್ಲಿ ಕುಳಿತೆ. ನಾಲ್ವತ್ತು ವರ್ಷ ಎರಡನೆಯ ಬೆಂಚಿನವನಾಗಿದ್ದ ನನಗೆ ಗೀತೆಗಳ ಸಂಖ್ಯೆ ಬರೆದ ಹಲಗೆ ಈ ಜಾಗದಿಂದ ಕಂಬದ ಮರೆಯಾಗುವುದೆಂಬುದು ಅಂದೇ ತಿಳಿದದ್ದು. ಹಿಂದಿನವರು ಹಾಡದಿರುವುದು ಭಕ್ತಿಯ ಕೊರತೆಯಿಂದಲ್ಲ, ಪುಟ ಸಿಕ್ಕುವುದರೊಳಗೆ ಮೊದಲ ಚರಣ ಮುಗಿದಿರುತ್ತದೆ. ಮುದುಕಿಯರೆಲ್ಲ ಪಕ್ಕದ ಬಾಗಿಲಿಗೇ ಏಕೆ ಅಂಟಿಕೊಳ್ಳುತ್ತಾರೆಂದು ಗಂಟೆ ಬಾರಿಸುವವನನ್ನು ಕೇಳಿದೆ. “ಎದುರುಬಾಗಿಲಿನ ಐದು ಮೆಟ್ಟಿಲಿಗೆ ಹಿಡಿಯಲು ಏನಿದೆ ಸ್ವಾಮೀ?” ಎಂದ. ನಿವೇಶನದಲ್ಲಿ ಒಂದು ಹಗಲು ಸುಮ್ಮನೆ ಕುಳಿತು ಗಾಳಿಮಳೆಗಳ ದಿಕ್ಕನ್ನು ನೋಡದೆ, ಗೂಟ ನೆಟ್ಟು ಹುರಿ ಎಳೆಯದೆ ಯಾವ ಮನೆಗೂ ಗೆರೆಹಾಕದಿದ್ದ ನಾನು, ಸಭೆಯ ವಿಷಯದಲ್ಲಿ ಮಾತ್ರ ಆ ಶಿಸ್ತನ್ನು ಮರೆತಿದ್ದೆ.

ನಮ್ಮ ಸಭೆಯ ಪೂರ್ವಿಕರು ಅದನ್ನು ಮರೆತಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಮಿಶನರಿಗಳು, ಜಾತಿಯಿಂದ ಹೊರಬಿದ್ದು ಕುಲಕಸಬನ್ನು ಕಳೆದುಕೊಂಡ ಹೊಸ ಕ್ರೈಸ್ತರಿಗೆ ಅನ್ನದ ಮಾರ್ಗವನ್ನು ಹುಡುಕುತ್ತ, ಬೇಸಾಯವನ್ನೂ ಗಡಿಯಾರದ ಕೆಲಸವನ್ನೂ ಪ್ರಯತ್ನಿಸಿ, ಅವು ಸಾಗದಿರಲು ಕೈಬಿಟ್ಟು, ನೆಯ್ಗೆಗೆ ಹೊರಳಿ, 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಹೂಡಿದರು. ಆ ಹಂಚೇ ನಮ್ಮ ಆಲಯದ ಮೇಲಿದೆ. ರೀಪಿಗೆ ತನ್ನ ಗುಬುಟನ್ನು ಸಿಕ್ಕಿಸಿಕೊಂಡು ಸ್ವಂತ ಭಾರದಿಂದಲೇ ನಿಲ್ಲುವ ಅದು ಒಡೆದರೆ, ಮಿಕ್ಕವನ್ನು ಕಳಚದೆ ಒಂದನ್ನೇ ಎಳೆದು ಇನ್ನೊಂದನ್ನಿಡಬಹುದು. ನನ್ನ ಆರು ಸಮಿತಿಗಳೋ ಕಾಂಕ್ರೀಟಿನ ತಾರಸಿ. ಅಯ್ಯನವರಿಗೆ ವರ್ಗವಾದೊಡನೆ ಒಟ್ಟಿಗೇ ಸೋರತೊಡಗಿದವು.

ಆಮೇಲಿನದೆಲ್ಲ ಚಿಕ್ಕ ಕೆಲಸ. ಹಲಗೆಯನ್ನು ನಾಲ್ಕು ಭಾನುವಾರ ಸ್ಟೂಲಿನ ಮೇಲಿಟ್ಟು ಜಾಗ ಬದಲಿಸುತ್ತ ಹೋಗಿ, ಕೊನೆಗೆ ಮೊಳೆ ಹೊಡೆದೆವು. ಹಿರಿಯರ ಕೂಟವನ್ನು ವೆಸ್ಟ್ರಿಯ ಉದ್ದ ಮೇಜಿನಿಂದ ಜಗಲಿಗೆ ತಂದೆವು. ಖಜಾಂಚಿಗಳು ಲೆಕ್ಕದ ಪುಸ್ತಕಕ್ಕೆ ಮೇಜಿಲ್ಲವೆಂದು ಎರಡು ತಿಂಗಳು ಮುನಿದುಕೊಂಡಿದ್ದರು, ಆದರೆ ಚಹಾ ತರುತ್ತಿದ್ದ ಹೆಂಗಸರು ಅಲ್ಲಿಯೇ ಕುಳಿತು ಮಾತಾಡಿದ್ದು ಅದೇ ಮೊದಲು. ಭಾನುವಾರ ಶಾಲೆಗೆ ಬೆಳಗಿಗಿಂತ ಶನಿವಾರದ ಸಂಜೆಯೇ ವಾಸಿಯೆಂದು ಅವರಲ್ಲೊಬ್ಬರು ಸೂಚಿಸಿದರು, ತಾವೇ ನಡೆಸಿದರು, ಈಗಲೂ ನಡೆಸುತ್ತಿದ್ದಾರೆ. ಅದಕ್ಕೆ ನನ್ನಿಂದ ಒಂದು ಗೆರೆಯೂ ಬೇಕಾಗಲಿಲ್ಲವೆಂಬುದು ನನಗೆ ತುಸು ನೋವನ್ನೇ ತಂದಿತೆಂದು ಒಪ್ಪಿಕೊಳ್ಳುತ್ತೇನೆ. ಒಂದು ಕಡೆ ದುಡುಕಿದೆ. ಯುವಕರಿಗೆ ಸ್ಥಳವಾಗಲೆಂದು ಮುಂದಿನ ಬೆಂಚೊಂದನ್ನು ಯಾರನ್ನೂ ಕೇಳದೆ ಸರಿಸಿದೆ. ಮೂರು ತಲೆಮಾರಿನಿಂದ ಅದರಲ್ಲಿ ಕುಳಿತ ಕುಟುಂಬ ಮೂರು ವಾರ ಬರಲಿಲ್ಲ. ಅವರ ಮನೆಯಂಗಳದಲ್ಲಿ ನಿಂತು ಕ್ಷಮೆ ಕೇಳಿ, ಬೆಂಚನ್ನು ನಾನೇ ಹೊತ್ತು ತಂದಿಟ್ಟೆ.

ಎದುರುಬಾಗಿಲಿನ ಮೆಟ್ಟಿಲಿಗೆ ಕೈಪಿಡಿಯಾಗಿ ಅಡಕೆ ದಬ್ಬೆಯನ್ನು ತೆಂಗಿನ ಹುರಿಯಿಂದ ಬಿಗಿದೆವು. ಕಬ್ಬಿಣದ್ದನ್ನು ಹಾಕಿಕೊಡುತ್ತೇನೆಂದು ಕಮ್ಮಾರ ಎರಡು ಬಾರಿ ಅಳತೆಗೆ ಬಂದುಹೋದ. ಆದರೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಕಳೆದ ವಾರವೂ ಅದನ್ನು ಹಿಡಿದು ನಿಂತು, “ಇನ್ನೂ ಎರಡು ಬೆರಳು ಕೆಳಗಿರಲಿ ಮಗಾ” ಎಂದರು. ಹುರಿ ಬಿಚ್ಚಿ ಮತ್ತೆ ಕಟ್ಟಿದ್ದೇವೆ.